ಕೈಯಲ್ಲಿರುವ ಹಣ, ಎರಡು ದೇಶದ ಲೆಕ್ಕ

ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೊರಟವರಲ್ಲಿ ಸರ್ವೀಸ್ ಹಣವನ್ನು ನೋಟಿನಲ್ಲೇ ಕೊಂಡುಹೋಗುವವರು ಇನ್ನೂ ಇದ್ದಾರೆ. ಬ್ಯಾಂಕಿನಲ್ಲಿ ಕಳಿಸಿ ಎಂದರೆ "ಕೈಯಲ್ಲಿದ್ದರೆ ಧೈರ್ಯ" ಅನ್ನುತ್ತಾರೆ. ಆಯ್ತು, ಕೊಂಡುಹೋಗಿ. ಕಾನೂನಿನಲ್ಲಿ ತಡೆಯಿಲ್ಲ. ಆದರೆ ಡಿಕ್ಲೇರ್ ಮಾಡಿ.

ನಗದಾಗಲಿ ಚಿನ್ನವಾಗಲಿ, ಸೌದಿಯಲ್ಲಿ 60,000 ರಿಯಾಲ್, ಯುಎಇಯಲ್ಲಿ 60,000 ದಿರ್ಹಮ್, ಕತಾರ್‌ನಲ್ಲಿ 50,000 ರಿಯಾಲ್ ಮುಟ್ಟಿದರೆ ಹೊರಡುವಾಗಲೇ ಬರೆದು ಕೊಡಬೇಕು. ಇದು ಹೆಚ್ಚಿನವರಿಗೆ ಗೊತ್ತು. ಎಡವುವುದು ಊರಲ್ಲಿ ಇಳಿದ ಮೇಲೆ. ದಮ್ಮಾಮಿನಿಂದ 40,000 ರಿಯಾಲ್ ಹಿಡಿದು ಹೊರಟವನನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳಲಿಲ್ಲ, ಅಲ್ಲಿಯೂ ಕೇಳಲಿಕ್ಕಿಲ್ಲ ಎಂದುಕೊಂಡು ಅವನು ಗ್ರೀನ್ ಚಾನೆಲ್‌ನಲ್ಲಿ ನಡೆದುಬಿಡುತ್ತಾನೆ. ಭಾರತದ ಮಿತಿ ಬೇರೆ. ವಿದೇಶಿ ನೋಟು 5,000 ಡಾಲರಿನ ಬೆಲೆಗಿಂತ ಹೆಚ್ಚಿದ್ದರೆ, ಅಥವಾ ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ದಾಟಿದರೆ, ಕರೆನ್ಸಿ ಡಿಕ್ಲರೇಶನ್ ಫಾರಂ ತುಂಬಲೇಬೇಕು. ಡಾಲರಿಗೆ 3.75ರಂತೆ 5,000 ಡಾಲರ್ ಅಂದರೆ ಬರೀ 18,750 ರಿಯಾಲ್. 40,000 ಎಲ್ಲಿ, ಇದೆಲ್ಲಿ!

ಬರೆದು ಕೊಟ್ಟರೆ ಟ್ಯಾಕ್ಸ್ ಬೀಳುತ್ತದೆ ಎಂಬ ಹೆದರಿಕೆ ನಮ್ಮ ರೂಮುಗಳಲ್ಲಿ ಬಹಳ. ನಗದಿಗೆ ಸುಂಕವಿಲ್ಲ. ವಿದೇಶಿ ಹಣ ಎಷ್ಟು ತಂದರೂ ಮಿತಿಯಿಲ್ಲ, ಹೇಳಬೇಕು ಅಷ್ಟೇ. (ಭಾರತದ ರೂಪಾಯಿ ನೋಟಿಗೆ ಮಾತ್ರ 25,000ದ ಮಿತಿ ಇದೆ.) ಹೇಳದೆ ಸಿಕ್ಕಿಬಿದ್ದರೆ ಇಪ್ಪತ್ತು ವರ್ಷದ ಬೆವರಿನ ಹಣಕ್ಕೂ ಕಳ್ಳಹಣದ ಹಾಗೆ ಉತ್ತರ ಕೊಡಬೇಕಾಗುತ್ತದೆ.

ಚಿನ್ನಕ್ಕೆ ಸುಂಕವಿದೆ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣದವರೆಗೆ ರಿಯಾಯಿತಿ. 2016ರ ನಿಯಮದಲ್ಲಿ ಬೆಲೆಗೂ ಮಿತಿ ಹಾಕಿದ್ದರು, ಹಾಗಾಗಿ ಹೊರಡುವ ಮೊದಲು ಆ ದಿನದ ನಿಯಮ ನೋಡಿಕೊಳ್ಳಿ. ಬಿಸ್ಕತ್ತು, ನಾಣ್ಯಕ್ಕೆ ಈ ರಿಯಾಯಿತಿಯೇ ಇಲ್ಲ.

ಇನ್ನೊಬ್ಬರು "ತಂಗಿಯ ಮದುವೆಗೆ" ಎಂದು ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ನೋಡಿದರೆ ಬೇಜಾರಾಗುವವನಾದರೆ ಬೇಜಾರಾಗಲಿ. ಬಜಪೆಯಲ್ಲಿ ಕೇಸು ಬೀಳುವುದು ಕೊಟ್ಟವನ ಮೇಲಲ್ಲ, ಬ್ಯಾಗ್ ಹಿಡಿದವನ ಮೇಲೆ. ಅವನ ಮನೆಯವರು ಆಮೇಲೆ ಫೋನ್ ಮಾಡುವುದು ನಮಗೆ.

ಸೀಲು ಬಿದ್ದ ಫಾರಂನ ಪ್ರತಿ ಬಿಸಾಡಬೇಡಿ. ಅದೇ ನೋಟನ್ನು ಎನ್‌ಆರ್‌ಇ ಖಾತೆಗೆ ಕಟ್ಟಲು ಹೋದರೆ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.