ಸತ್ತವರೆಲ್ಲರ ಹೆಸರನ್ನು ಒಂದೇ ಪುಸ್ತಕದಲ್ಲಿ ಬರೆಯೋಣ

ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಪರೇಡ್ ಮೈದಾನಗಳಲ್ಲಿ, ಹಿಂದಿನ ಒಂದು ವರ್ಷದಲ್ಲಿ ಕರ್ತವ್ಯದ ಮೇಲೆ ಮಡಿದವರ ಹೆಸರುಗಳನ್ನು ಓದುತ್ತಾರೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಪ್ರಾಣ ಕೊಟ್ಟ ಹತ್ತು ಜವಾನರ ನೆನಪಿಗೆ ಬಂದ ಪದ್ಧತಿ ಅದು. ಜುಲೈ 28ರಿಂದ ಆಗಸ್ಟ್ 3ರವರೆಗೆ ಮಾವೋವಾದಿಗಳು ತಮ್ಮವರ ನೆನಪಿನ ವಾರ ಆಚರಿಸುತ್ತಾ ಬಂದವರು. ಕಾಡಿನ ಊರುಗಳಲ್ಲಿ ಕೆಂಪು ಸ್ತೂಪಗಳನ್ನು ಕಟ್ಟಿದ್ದೂ ಅದಕ್ಕೇ. ಇಬ್ಬರಿಗೂ ತಮ್ಮ ತಮ್ಮ ಸತ್ತವರ ಲೆಕ್ಕ ಇದೆ. ಆ ಎರಡೂ ಲೆಕ್ಕಕ್ಕೆ ಸಿಗದ ಮನುಷ್ಯನೊಬ್ಬನಿದ್ದಾನೆ. ರಾತ್ರಿ ಮನೆಯಿಂದ ಎಳೆದೊಯ್ದು ‘ಇನ್ಫಾರ್ಮರ್’ ಎಂದು ಕೊಂದು ಹಾಕಿದ ರೈತ ಅವನು. ಸೌದೆಗೆ ಹೋಗಿ ಗುಂಡಿಗೆ ಸಿಕ್ಕು, ಮರುದಿನದ ಪ್ರಕಟಣೆಯಲ್ಲಿ ‘ಮಿಲಿಷಿಯಾ ಸದಸ್ಯ’ನಾಗಿಬಿಟ್ಟ ಹುಡುಗನೂ ಅವನೇ. ಅವನ ಹೆಸರನ್ನು ಯಾವ ಮೈದಾನದಲ್ಲೂ ಓದುವುದಿಲ್ಲ, ಯಾವ ಸ್ತೂಪದ ಮೇಲೂ ಬರೆಯುವುದಿಲ್ಲ.

ಅವನ ಹೆಸರು ಬರೆಯುವ ಕೆಲಸ ನಮ್ಮದು. ಅವನ ಪಕ್ಕದಲ್ಲೇ ಕಾನ್‌ಸ್ಟೇಬಲ್‌ನ ಹೆಸರು, ಬಂದೂಕು ಹಿಡಿದು ಸತ್ತವನ ಹೆಸರು ಕೂಡ ಬರಬೇಕು. ವಿಶಾಖಪಟ್ಟಣದ, ವಿಜಯವಾಡದ ಕನ್ನಡಿಗರನ್ನೂ ಊರಿನಲ್ಲಿರುವ ನಮ್ಮವರನ್ನೂ ನಾನು ಕರೆಯುತ್ತಿರುವುದು ಈ ಕೆಲಸಕ್ಕೆ.

ನಾನಿರುವ ವಿಶಾಖಪಟ್ಟಣದ ದ್ವಾರಕಾ ನಗರಕ್ಕೆ ತಾಗಿಕೊಂಡೇ ಆರ್‌ಟಿಸಿ ಕಾಂಪ್ಲೆಕ್ಸ್ ಇದೆ. ಪಾಡೇರು, ಚಿಂತಪಲ್ಲಿ, ಅರಕು ಕಡೆಯ ಬಸ್ಸುಗಳು ಅಲ್ಲಿಂದ ಹೊರಡುತ್ತವೆ. ನಮ್ಮವರೂ ಹತ್ತುತ್ತಾರೆ, ಬೊರ್ರಾ ಗುಹೆ ನೋಡಲು, ಅರಕು ಕಾಫಿ ಕುಡಿಯಲು. ಅದೇ ಅರಕಿನ ಶಾಸಕ ಕಿಡಾರಿ ಸರ್ವೇಶ್ವರ ರಾವ್ ಮತ್ತು ಮಾಜಿ ಶಾಸಕ ಸಿವೇರಿ ಸೋಮ ಅವರನ್ನು 2018ರ ಸೆಪ್ಟೆಂಬರ್ 23ರಂದು ಡುಂಬ್ರಿಗುಡ ಮಂಡಲದ ಲಿವಿಟಿಪುಟ್ಟುವಿನಲ್ಲಿ ಮಾವೋವಾದಿಗಳು ಕಾರಿನಿಂದ ಇಳಿಸಿ ಗುಂಡಿಕ್ಕಿ ಕೊಂದರು. ಅವರಿಬ್ಬರೂ ಆದಿವಾಸಿಗಳು. ಮಾರೇಡುಮಿಲ್ಲಿಯ ಕಾಡಿನಲ್ಲಿ 2025ರ ನವೆಂಬರ್ 18ರಂದು ಮಾವೋವಾದಿ ನಾಯಕ ಮಾಡ್ವಿ ಹಿಡ್ಮ ಸೇರಿ ಆರು ಜನ ಪೊಲೀಸರ ಗುಂಡಿಗೆ ಸತ್ತರು. ಅವನೂ ಆದಿವಾಸಿ. ಈ ಯುದ್ಧದಲ್ಲಿ ಯಾರು ಯಾರನ್ನು ಕೊಂದರೂ ಹೆಣ ಹೆಚ್ಚಾಗಿ ಆದಿವಾಸಿಯ ಮನೆಗೇ ಬರುತ್ತದೆ.

ಸರ್ಕಾರದ ಲೆಕ್ಕ ಇಲ್ಲವೇ ಎಂದು ಕೇಳಬಹುದು. ಇದೆ. ನಕ್ಸಲ್ ಹಿಂಸೆಯ ಸಾವುಗಳು 2010ರಲ್ಲಿ 1005 ಇದ್ದದ್ದು 2024ಕ್ಕೆ 150ಕ್ಕೆ ಇಳಿದವು ಎಂದು ಕೇಂದ್ರ ಗೃಹ ಇಲಾಖೆ ಹೇಳುತ್ತದೆ. ಇಳಿದದ್ದು ನಿಜ, ಅದು ಸಮಾಧಾನದ ವಿಷಯವೇ. ಆದರೆ ಆ ಅಂಕಿಯ ಒಳಗೆ ಇರುವವರು ನಾಗರಿಕರು ಮತ್ತು ಭದ್ರತಾ ಸಿಬ್ಬಂದಿ ಮಾತ್ರ. 2024ರಲ್ಲಿ ಕೊಲ್ಲಲ್ಪಟ್ಟ ನಕ್ಸಲರು 290 ಎಂದು ಅದೇ ಇಲಾಖೆ ಬೇರೆ ಕಡೆ, ಸಾಧನೆಯ ಪಟ್ಟಿಯಲ್ಲಿ, ಬರೆಯುತ್ತದೆ. 150 ಸಾವು, 290 ಸಾಧನೆ. ಒಟ್ಟು ಎಷ್ಟು ತಾಯಂದಿರು ಅತ್ತರು ಎಂದು ಕೇಳಿದರೆ ಎರಡನ್ನೂ ನಾವೇ ಕೂಡಿಸಿಕೊಳ್ಳಬೇಕು. ಆ 290ರಲ್ಲಿ ಎಷ್ಟು ಜನರ ಕೈಯಲ್ಲಿ ನಿಜಕ್ಕೂ ಬಂದೂಕಿತ್ತು ಎಂಬ ಪ್ರಶ್ನೆಗೆ ಕೂಡಿಸಿದರೂ ಉತ್ತರ ಸಿಗುವುದಿಲ್ಲ.

ಇನ್ನು ಗಡಿಯ ತೊಡಕು. 2008ರ ಜೂನ್ 29ರಂದು ಬಲಿಮೆಲ ಜಲಾಶಯದಲ್ಲಿ ಭದ್ರತಾ ಪಡೆಯ ದೋಣಿಯ ಮೇಲೆ ಮಾವೋವಾದಿಗಳು ಗುಂಡು ಹಾರಿಸಿದಾಗ 38 ಮಂದಿ ಸತ್ತರು. ನೀರು ಒಡಿಶಾದ್ದು, ಮಲ್ಕನ್‌ಗಿರಿ ಜಿಲ್ಲೆ. ಸತ್ತವರಲ್ಲಿ ಹೆಚ್ಚಿನವರು ಆಂಧ್ರದ ನಕ್ಸಲ್ ನಿಗ್ರಹ ಪಡೆಯಾದ ಗ್ರೇಹೌಂಡ್ಸ್‌ನ ಹುಡುಗರು. ಅದೇ ಜಿಲ್ಲೆಯ ರಾಮಗುಡದಲ್ಲಿ 2016ರ ಅಕ್ಟೋಬರ್ 24ರಂದು ನಡೆದ ಎನ್‌ಕೌಂಟರ್‌ನಲ್ಲಿ ಮೊದಲ ದಿನ 24 ಎಂದ ಸಂಖ್ಯೆ ಮುಂದಿನ ದಿನಗಳಲ್ಲಿ 30ರ ಹತ್ತಿರಕ್ಕೆ ಹೋಯಿತು. ಸತ್ತವರಲ್ಲಿ ಊರಿನ ಸಾಮಾನ್ಯ ಜನರೂ ಇದ್ದರೆಂದು ಹಕ್ಕುಗಳ ಸಂಘಟನೆಗಳು ಹೇಳಿದವು. ಜಾಗ ನೋಡಿ ಬರೆದರೆ ಈ ಸಾವುಗಳು ಒಡಿಶಾದ ಖಾತೆಗೆ, ಪಡೆ ನೋಡಿ ಬರೆದರೆ ಆಂಧ್ರದ ಖಾತೆಗೆ. ಅಜಾಗರೂಕನಾದವನು ಎರಡು ಕಡೆಯೂ ಬರೆಯುತ್ತಾನೆ, ಇಲ್ಲವೇ ಎರಡೂ ಕಡೆ ಬಿಡುತ್ತಾನೆ. ಜಿಲ್ಲೆಯ ಗೆರೆಗಳೂ ನಿಂತಲ್ಲಿ ನಿಲ್ಲುವುದಿಲ್ಲ. 2022ರ ಏಪ್ರಿಲ್ 4ರವರೆಗೆ ಚಿಂತಪಲ್ಲಿಯ ಸಾವು ವಿಶಾಖಪಟ್ಟಣ ಜಿಲ್ಲೆಯದು, ಆಮೇಲಿನದು ಅಲ್ಲೂರಿ ಸೀತಾರಾಮರಾಜು ಜಿಲ್ಲೆಯದು. ಇದು ತಿಳಿಯದೆ ಅಂಕಿ ನೋಡಿದವನಿಗೆ ವಿಶಾಖಪಟ್ಟಣದಲ್ಲಿ ಒಂದೇ ದಿನದಲ್ಲಿ ಶಾಂತಿ ಬಂದಂತೆ ಕಾಣುತ್ತದೆ!

ಆ ಜಿಲ್ಲೆಗೆ ಹೆಸರಾದ ಅಲ್ಲೂರಿ ಬ್ರಿಟಿಷರ ವಿರುದ್ಧ ಬಂಡೆದ್ದ ಕಾಲದಲ್ಲೂ ಇದೇ ಕಥೆ. 1922ರ ಸೆಪ್ಟೆಂಬರಿನಲ್ಲಿ ಅವರ ಪಡೆಯ ಗುಂಡಿಗೆ ಸತ್ತ ಇಬ್ಬರು ಬ್ರಿಟಿಷ್ ಅಧಿಕಾರಿಗಳ, ಸ್ಕಾಟ್ ಕವರ್ಡ್ ಮತ್ತು ಹೈಟರ್ ಎಂಬವರ, ಸಮಾಧಿಗಳು ನರ್ಸೀಪಟ್ಟಣದಲ್ಲಿವೆ. ಎರಡು ವರ್ಷ ನಡೆದ ಆ ಬಂಡಾಯದಲ್ಲಿ ಸತ್ತ ಆದಿವಾಸಿಗಳ ಪೈಕಿ ಎಷ್ಟು ಜನರ ಹೆಸರು ನಮ್ಮ ಬಾಯಿಗೆ ಬರುತ್ತದೆ?

ಇದೆಲ್ಲ ತೆಲುಗರ ತಾಪತ್ರಯ, ನಮಗೇಕೆ ಎಂದು ಯಾವ ಕನ್ನಡಿಗನೂ ಹೇಳದಿರಲಿ. 2003ರ ನವೆಂಬರ್ 17ರಂದು ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತಾಗಿನಿಂದ ನಮ್ಮ ಮಲೆನಾಡಿನಲ್ಲೂ ಈ ಲೆಕ್ಕ ಬೆಳೆದಿದೆ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರಿನ ಬಲ್ಲಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಮತ್ತು ಜೊತೆಗಾರನೊಬ್ಬ ಪೊಲೀಸರ ಗುಂಡಿಗೆ ಸತ್ತರು. ನಾಲ್ಕೇ ದಿನದಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯ ಕಟ್ಟಡದಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ರಾತ್ರಿ ದಾಳಿಯಾಯಿತು. ಪೊಲೀಸರ ಜೊತೆ ಒಬ್ಬ ಬಸ್ ಕ್ಲೀನರ್ ಕೂಡ ಸತ್ತ. 2007ರ ಜುಲೈ 10ರಂದು ಮೆಣಸಿನಹಾಡ್ಯದಲ್ಲಿ ಪೊಲೀಸರ ಗುಂಡಿಗೆ ಐವರು. 2024ರ ನವೆಂಬರ್ 18ರಂದು ಹೆಬ್ರಿಯ ಕಾಡಂಚಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ. 2025ರ ಜನವರಿ 8ರಂದು ಆರು ಜನ ನಕ್ಸಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಗಳ ಎದುರು ಶರಣಾದ ಮೇಲೆ ‘ಕರ್ನಾಟಕ ನಕ್ಸಲ್ ಮುಕ್ತ’ ಎಂಬ ಮಾತು ಎಲ್ಲೆಡೆ ಕೇಳಿತು.

ಸಾಕೇತ್ ರಾಜನ್ ಹೆಸರು ನಮಗೆಲ್ಲ ಗೊತ್ತು. ಮೈಸೂರಿನ ಹುಡುಗ, ಇತಿಹಾಸದ ಪುಸ್ತಕ ಬರೆದವನು. ವೆಂಕಟಮ್ಮನಹಳ್ಳಿಯ ಆ ಕ್ಲೀನರ್ ಹೆಸರು? ಯಾವ ಊರಿನವನು, ಎಷ್ಟು ವಯಸ್ಸು, ಅವನ ಸಂಬಳ ನಂಬಿಕೊಂಡು ಮನೆಯಲ್ಲಿ ಯಾರಿದ್ದರು? ಇಪ್ಪತ್ತು ವರ್ಷ ನಾವು ಈ ಪ್ರಶ್ನೆ ಕೇಳದೆ ಬದುಕಿದ್ದೇವೆ. ನನ್ನನ್ನು ಸುಡುವುದು ಇದೇ.

ಹೆಸರು ಬರೆಯುವುದರಿಂದ ಏನಾಗುತ್ತದೆ ಎನ್ನುವವರು ಪಾಡೇರಿನ ಬಸ್ಸಿನಿಂದ ಇಳಿಯುವ ಹೆಂಗಸಿನ ಕೈಯಲ್ಲಿರುವ ಪ್ಲಾಸ್ಟಿಕ್ ಕವರನ್ನು ಬಿಚ್ಚಿ ನೋಡಬೇಕು. ಆಧಾರ್, ರೇಷನ್ ಕಾರ್ಡ್, ಅಂಚು ಹರಿದ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ, ಪತ್ರಿಕೆಯ ಜಿಲ್ಲಾ ಪುಟದಿಂದ ಕತ್ತರಿಸಿದ ನಾಲ್ಕು ಸಾಲಿನ ಸುದ್ದಿ. ಅದರಲ್ಲಿ ಎಫ್‌ಐಆರ್ ಪ್ರತಿ ಇರುವುದಿಲ್ಲ, ಮರಣೋತ್ತರ ಪರೀಕ್ಷೆಯ ವರದಿ ಇರುವುದಿಲ್ಲ. ನಕ್ಸಲ್ ಹಿಂಸೆಯಲ್ಲಿ ಸತ್ತ ನಾಗರಿಕನ ಕುಟುಂಬಕ್ಕೆ ಕೇಂದ್ರ ಸರ್ಕಾರದ ಪರಿಹಾರ ಮೊದಲು ಮೂರು ಲಕ್ಷ, 2016ರಿಂದ ಐದು ಲಕ್ಷ ರೂಪಾಯಿ. ಸತ್ತವನು ನಾಗರಿಕ ಎಂದು ಕಾಗದ ಹೇಳಿದರೆ ಮಾತ್ರ. ಅದೇ ಕಾಗದದಲ್ಲಿ ‘ಮಿಲಿಷಿಯಾ’ ಎಂದಿದ್ದರೆ ಗಂಡನೂ ಇಲ್ಲ, ಪರಿಹಾರವೂ ಇಲ್ಲ. ಮಕ್ಕಳಿಗೆ ನಕ್ಸಲನ ಮಕ್ಕಳೆಂಬ ಹೆಸರು ಬೇರೆ.

ಈ ಕೆಲಸಕ್ಕೆ ನಾವೇ ಮೊದಲಿಗರಲ್ಲ. ವಾರಂಗಲ್‌ನಲ್ಲಿ ಗಣಿತ ಕಲಿಸುತ್ತಿದ್ದ ಕೆ. ಬಾಲಗೋಪಾಲ್ ಎನ್‌ಕೌಂಟರ್ ಆದ ಊರುಗಳಿಗೆ ಹೋಗಿ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡವರು. ಪೊಲೀಸರ ಕೊಲೆಯನ್ನು ಪ್ರಶ್ನಿಸಿದಷ್ಟೇ ಗಟ್ಟಿಯಾಗಿ ನಕ್ಸಲರ ಕೊಲೆಯನ್ನೂ ಪ್ರಶ್ನಿಸಬೇಕು ಎಂದು ಹಟ ಹಿಡಿದು, ವರ್ಷಗಟ್ಟಲೆ ಮುನ್ನಡೆಸಿದ ನಾಗರಿಕ ಹಕ್ಕುಗಳ ಸಂಘದಿಂದಲೇ ಹೊರಬಂದು 1998ರಲ್ಲಿ ಮಾನವ ಹಕ್ಕುಗಳ ವೇದಿಕೆ ಕಟ್ಟಿದರು. 2009ರಲ್ಲಿ ತೀರಿಕೊಳ್ಳುವವರೆಗೂ ಆ ಹಟ ಬಿಡಲಿಲ್ಲ. ಆಂಧ್ರದ ಎನ್‌ಕೌಂಟರ್‌ಗಳ ಬಗ್ಗೆ ಆ ಹಳೆಯ ಸಂಘ ಕೊಟ್ಟ ದೂರಿನ ಮೇಲೆಯೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1997ರ ಮಾರ್ಚ್ 29ರಂದು ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಎನ್‌ಕೌಂಟರ್ ಸಾವನ್ನು ತನಿಖೆ ಮಾಡುವ ವಿಧಾನ ಹೇಳಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಬೆಂಗಳೂರಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ತೆಲುಗು ಕಾಡಿನ ಸಾವಿಗೆ ಕನ್ನಡಿಗರೊಬ್ಬರ ಸಹಿ ಆಸರೆಯಾದ ದಿನ ಅದು.

ಸತ್ತವರನ್ನು ಎಣಿಸುವವರು ಯಾರದೋ ಪಕ್ಷ ವಹಿಸುತ್ತಾರೆ ಎಂಬ ಆಪಾದನೆ ಎಲ್ಲ ಕಡೆ ಇದೆ. ಬೋಸ್ನಿಯಾದಲ್ಲೂ ಇತ್ತು. 1992ರಿಂದ 95ರವರೆಗಿನ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಒಂದು ಕಡೆಯವರು, ಅದೆಲ್ಲ ಉತ್ಪ್ರೇಕ್ಷೆ ಎಂದು ಇನ್ನೊಂದು ಕಡೆಯವರು. ಸರಾಯೆವೊದ ಒಂದು ಸಂಶೋಧನಾ ಕೇಂದ್ರ ಮನೆಮನೆಯ ಮಾಹಿತಿ ಕಲೆಹಾಕಿ 2013ರಲ್ಲಿ ಸತ್ತವರ ಪುಸ್ತಕ ಹೊರತಂದಿತು. ಅದರಲ್ಲಿ 95,940 ಹೆಸರುಗಳಿವೆ. ಸಂಖ್ಯೆ ಅರ್ಧಕ್ಕೆ ಇಳಿಯಿತು, ಆದರೆ ಪ್ರತಿ ಅಂಕಿಗೂ ಒಂದು ಹೆಸರು ಬಂತು. ಹೆಸರಿರುವ ಸಾವನ್ನು ಉಬ್ಬಿಸಲೂ ಆಗದು, ಅಳಿಸಲೂ ಆಗದು.

ನಮ್ಮಲ್ಲಿ ಈ ಕೆಲಸಕ್ಕೆ ಇದೇ ಹೊತ್ತು. 2026ರ ಮಾರ್ಚ್ 31ರೊಳಗೆ ನಕ್ಸಲ್‌ವಾದ ಮುಗಿಸುತ್ತೇವೆಂದು ಕೇಂದ್ರ ಗೃಹ ಸಚಿವರು ಗಡುವು ಹಾಕಿದರು. ಯುದ್ಧ ಮುಗಿಯಿತು ಎಂದ ಕೂಡಲೇ ಕಡತ ಕಟ್ಟಿ ಮೂಲೆಗೆ ಹಾಕುತ್ತಾರೆ, ಕ್ಯಾಂಪ್ ಎತ್ತುತ್ತಾರೆ, ಕಂಡವರು ಮುದುಕರಾಗುತ್ತಾರೆ. ಇನ್ನು ಹತ್ತು ವರ್ಷ ಬಿಟ್ಟು ಹೋದರೆ ಆ ಊರುಗಳಲ್ಲಿ ಹೇಳುವವರು ಸಿಗುವುದಿಲ್ಲ. ಸಾವಿಲ್ಲದ ಗಾಯಗಳಿಗೂ ಇದೇ ಗತಿ. 2007ರ ಆಗಸ್ಟಿನಲ್ಲಿ ಪೊಲೀಸರು ತಮ್ಮ ಮೇಲೆ ಅತ್ಯಾಚಾರ ಮಾಡಿದರೆಂದು ವಾಕಪಲ್ಲಿಯ ಹನ್ನೊಂದು ಆದಿವಾಸಿ ಹೆಂಗಸರು ಹೇಳಿದರು. ತನಿಖೆಯ ಲೋಪದಿಂದ ಆರೋಪಿಗಳು 2023ರಲ್ಲಿ ಬಿಡುಗಡೆಯಾದರು. ನ್ಯಾಯಾಲಯ ಆ ಹೆಂಗಸರಿಗೆ ಪರಿಹಾರ ಕೊಡಲು ಹೇಳಿತು. ಹದಿನಾರು ವರ್ಷ ಅವರು ಪಟ್ಟು ಬಿಡದೆ ನಿಂತದ್ದರಿಂದ ಅಷ್ಟಾದರೂ ಬರಹದಲ್ಲಿ ಉಳಿಯಿತು.

ಇಲ್ಲಿನ ಓದುಗರು ಮಾಡಬಹುದಾದದ್ದು ದೊಡ್ಡ ಸಾಹಸವೇನಲ್ಲ. ದ್ವಾರಕಾ ನಗರದಲ್ಲೇ ಸಾರ್ವಜನಿಕ ಗ್ರಂಥಾಲಯವಿದೆ. ತೆಲುಗು ಓದಬಲ್ಲ ಕನ್ನಡಿಗರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಹಳೆಯ ಪತ್ರಿಕೆ ಎಲ್ಲಿ ಸಿಗುತ್ತದೋ ಅಲ್ಲಿ ಕುಳಿತು, ತಾರೀಖು, ಊರು, ಮಂಡಲ, ಸತ್ತವರ ಹೆಸರು, ವಯಸ್ಸು, ಯಾರು ಕೊಂದರೆಂದು ಯಾರು ಹೇಳಿದರು, ಇಷ್ಟನ್ನು ಬರೆದಿಡಿ. ಒಂದೇ ಪತ್ರಿಕೆ ನಂಬಬೇಡಿ. ಮೊದಲ ದಿನದ ಸಂಖ್ಯೆಯನ್ನಂತೂ ನಂಬಲೇಬೇಡಿ. ಊರಿಗೆ ಹೋಗಿ ಕೇಳುವುದಾದರೆ ಹೇಳಿದವರ ಹೆಸರು ಎಲ್ಲಿಯೂ ಬರೆಯಬೇಡಿ. ಸತ್ತವನ ಹೆಸರು ಉಳಿಸಲು ಹೋಗಿ ಬದುಕಿರುವವನ ಕುತ್ತಿಗೆಗೆ ತರಬಾರದು. ಊರಿನಲ್ಲಿರುವ ನಮ್ಮವರು ಇದೇ ಕೆಲಸವನ್ನು ಪಾವಗಡ, ಶೃಂಗೇರಿ, ಕಾರ್ಕಳ, ಹೆಬ್ರಿಗಳಲ್ಲಿ ಮಾಡಲಿ.

ಇನ್ನೊಂದು ದಾರಿಯಿದೆ. 2014ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೊಲೀಸರ ಗುಂಡಿಗೆ ಆದ ಪ್ರತಿ ಸಾವಿಗೂ ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕೆಂದಿತು. ಅಂಥ ಸಾವುಗಳ ಆರು ತಿಂಗಳ ವರದಿಯನ್ನು ಪ್ರತಿ ರಾಜ್ಯದ ಡಿಜಿಪಿ ಜನವರಿ 15 ಮತ್ತು ಜುಲೈ 15ರೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ತಲುಪಿಸಬೇಕು ಎಂದೂ ಹೇಳಿತು. ತಾರೀಖು, ಜಾಗ, ಘಟನೆಯ ವಿವರ, ವಿಚಾರಣೆಯ ಫಲ, ಎಲ್ಲ ಅದರಲ್ಲಿರಬೇಕು. ಆ ವರದಿಗಳ ಪ್ರತಿ ಕೇಳೋಣ. ಭದ್ರತೆಯ ವಿಷಯ, ಕೊಡಲಾಗದು ಎಂದರೆ, ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮನ್ನೇ ತೋರಿಸೋಣ. ವಿನಾಯಿತಿ ಪಡೆದ ಭದ್ರತಾ ಸಂಸ್ಥೆಗಳೂ ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮುಚ್ಚಿಡುವಂತಿಲ್ಲ ಎಂದು ಆ ಕಲಮೇ ಹೇಳುತ್ತದೆ. ಹಾಗೆಯೇ ಮಾವೋವಾದಿಗಳ ಕೈಯಲ್ಲಿ ಸತ್ತ ನಾಗರಿಕರ, ಪೊಲೀಸರ ಪಟ್ಟಿಯನ್ನೂ ಅದೇ ಅರ್ಜಿಯಲ್ಲಿ, ಹೆಸರು ಮತ್ತು ಊರಿನ ಸಮೇತ ಕೇಳೋಣ. ಆಂಧ್ರದ ಡಿಜಿಪಿ ಕಚೇರಿ ಮಂಗಳಗಿರಿಯಲ್ಲಿದೆ, ವಿಜಯವಾಡದ ನಮ್ಮವರಿಗೆ ಕೂಗಳತೆಯ ದೂರ. ಕರ್ನಾಟಕದ್ದು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ. ಎರಡೂ ಕಡೆ ಅರ್ಜಿಯ ಶುಲ್ಕ ಹತ್ತು ರೂಪಾಯಿ. ಈ ವಾರವೇ ಬರೆಯಿರಿ.