ಒಳಗೆ ನೋಡಿದ್ದೇ ತಪ್ಪಾದರೆ

“ಇದನ್ನೆಲ್ಲ ಅಳಿಸಿಬಿಡಿ, ನಿಮಗೇ ಒಳ್ಳೆಯದು” ಎಂದು ಒಂದು ಕಾಲೇಜಿನ ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿ ಎರಡು ವರ್ಷವಾಯಿತು. ನಾನು ಅಳಿಸಿಲ್ಲ. ಅವತ್ತು ಅವರ ಮೇಜಿನ ಮುಂದೆ ಕೂತಾಗ ಬಾಯಿ ಒಣಗಿ ಉತ್ತರ ಹೊರಡಲಿಲ್ಲ. ಇವತ್ತು ಹೇಳುತ್ತೇನೆ.

ನಡೆದದ್ದು ಇಷ್ಟು. ನನ್ನ ಅಕ್ಕನ ಮಗ ಆ ಕಾಲೇಜಿನ ಹಾಸ್ಟೆಲಿನಲ್ಲಿದ್ದ. ಒಂದು ರಾತ್ರಿ ಲ್ಯಾಬಿನಿಂದ ಎರಡು ಲ್ಯಾಪ್‌ಟಾಪು ಕಳುವಾದವು. ಬಾಗಿಲಿನ ದಾಖಲೆಯಲ್ಲಿ ಸಿಕ್ಕಿದ್ದು ಅವನ ಕಾರ್ಡಿನ ಸಂಖ್ಯೆ. ಹುಡುಗ ಮರುಳಸಿದ್ಧೇಶ್ವರನ ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕಕ್ಕೆಂದು ಉಜ್ಜಿನಿಗೆ ಬಂದಿದ್ದ. ಆ ರಾತ್ರಿ ನಮ್ಮ ಮನೆಯ ಮಾಳಿಗೆಯ ಮೇಲೆ ಮಲಗಿದ್ದ. ಕಾರ್ಡು ಅವನ ಜೇಬಿನಲ್ಲೇ ಇತ್ತು. ಸಾಕ್ಷಿಗೆ ಇಡೀ ಓಣಿಯೇ ಇತ್ತು. ಕಾಲೇಜಿನವರ ಉತ್ತರ ಒಂದೇ: “ಮನುಷ್ಯರು ಸುಳ್ಳು ಹೇಳ್ತಾರೆ, ಮಷೀನು ಹೇಳಲ್ಲ.”

ನಾನು ನನ್ನ ಬೋರ್ಡು ತೆಗೆದುಕೊಂಡು ಹೋದೆ. ಅವರ ಒಪ್ಪಿಗೆ ಪಡೆದು, ಅವರ ಕಣ್ಣೆದುರೇ, ಹುಡುಗನ ಕಾರ್ಡಿನ ಸಂಖ್ಯೆಯನ್ನು ಓದಿ ಒಂದು ಖಾಲಿ ಕಾರ್ಡಿಗೆ ಬರೆದೆ. ಆ ಕಾರ್ಡು ಹಿಡಿದರೆ ಲ್ಯಾಬಿನ ಬಾಗಿಲು ತೆರೆಯಿತು. ಅವರು ತರಿಸಿದ್ದ ಟೀ ಇನ್ನೂ ಆರಿರಲಿಲ್ಲ. ಹುಡುಗನ ಮೇಲಿನ ದೂರನ್ನು ಕೈಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಆಡಿದ ಮಾತೇ ಮೇಲಿನದು. ಆ ಬಾಗಿಲಿಗೆ ಇವತ್ತೂ ಅದೇ ಕಾರ್ಡು.

ನಾನು ಅಳಿಸಬೇಕಾಗಿದ್ದದ್ದು ಏನನ್ನು? ಪ್ರಾಕ್ಸ್‌ಮಾರ್ಕ್-3 ಎಂಬ ಉಪಕರಣದ ಸಾಫ್ಟ್‌ವೇರಿನ ಒಂದು ಪ್ರಾಯೋಗಿಕ ಫೋರ್ಕನ್ನು, ಅಂದರೆ ಕವಲನ್ನು. ಬಾಗಿಲಿಗೆ ಹಿಡಿಯುವ, ಮೆಟ್ರೊದಲ್ಲಿ ತಾಗಿಸುವ ಆರ್‌ಎಫ್‌ಐಡಿ ಕಾರ್ಡುಗಳನ್ನು ಓದಿ ಪರೀಕ್ಷಿಸಲು ಸಂಶೋಧಕರು ಬಳಸುವ ಉಪಕರಣ ಇದು. (ಫಾಸ್ಟ್ಯಾಗ್ ಬೇರೆ ತರಂಗದ್ದು, ಇದಕ್ಕೆ ಕೇಳಿಸದು, ಟೋಲ್ ತಪ್ಪಿಸುವ ಉಪಾಯ ಕೇಳಿ ನನ್ನ ಬಳಿ ಬರಬೇಡಿ.) ಜೊನಾಥನ್ ವೆಸ್ಟ್‌ಹ್ಯೂಸ್ ಎಂಬುವರು ಇದನ್ನು ಕಟ್ಟಿ, ಸರ್ಕ್ಯೂಟಿನ ನಕ್ಷೆಯನ್ನೂ ಕೋಡನ್ನೂ ಲೋಕಕ್ಕೆ ಬಿಟ್ಟುಕೊಟ್ಟರು. ಮುಂದೆ ಐಸ್‌ಮ್ಯಾನ್ ಎಂಬ ಹೆಸರಿನಿಂದ ಗೊತ್ತಿರುವ ಕ್ರಿಶ್ಚಿಯನ್ ಹೆರ್ಮನ್ ಒಂದು ಪ್ರಾಯೋಗಿಕ ಕವಲು ತೆಗೆದರು. ಬರಬರುತ್ತ ಕವಲೇ ಕಾಂಡವಾಯಿತು. ಇವತ್ತು ಹೆಚ್ಚಿನವರು ಬಳಸುವುದು ಅದರ ಮುಂದುವರಿಕೆಯನ್ನೇ.

ನನ್ನದು ಅದರಿಂದ ಒಡೆದ ಸಣ್ಣ ಟಿಸಿಲು. ನಮ್ಮ ವಿದ್ಯಾರ್ಥಿಗಳ ಕೈಗೆಟುಕುವುದು ಅಗ್ಗದ ನಕಲು ಬೋರ್ಡು. ಅವುಗಳಲ್ಲಿ ಕೆಲವಕ್ಕೆ 512ರ ಬದಲು 256 ಕಿಲೋಬೈಟ್ ಮಾತ್ರ ಫ್ಲ್ಯಾಶ್ ಮೆಮೊರಿ. ಬೆಳೆದು ನಿಂತ ಫರ್ಮ್‌ವೇರು ಅದರಲ್ಲಿ ಪೂರ್ತಿ ಹಿಡಿಸುವುದಿಲ್ಲ, ಏನನ್ನಾದರೂ ಬಿಡಲೇಬೇಕು. ಯಾವುದನ್ನು ಬಿಟ್ಟರೆ ಕಲಿಯುವವರಿಗೆ ಕಡಿಮೆ ನಷ್ಟ ಎಂದು ಆರಿಸಬೇಕು. ಮೂಲದಲ್ಲಿ ಆಗುತ್ತಲೇ ಇರುವ ಬದಲಾವಣೆಗಳನ್ನು ತಂದು ಹೊಂದಿಸಬೇಕು. ಹೊಂದಿಸಿದಾಗ ಮುರಿದದ್ದನ್ನು ರಾತ್ರಿ ಕೂತು ಸರಿಮಾಡಬೇಕು. ಸಂಬಳವಿಲ್ಲ. ಅವ್ವ ಕೇಳುತ್ತಾಳೆ, “ರಾತ್ರಿಯೆಲ್ಲಾ ಏನ್ ಮಾಡ್ತೀಯಪ್ಪಾ, ಬೀಗ ಒಡಿಯೋದಾ?” ಅವಳು ನಕ್ಕೇ ಕೇಳುವುದು. ಆದರೆ ಸೂಟು ಹಾಕಿದವರು ನಗದೆ ಕೇಳುವ ಪ್ರಶ್ನೆಯೂ ಅದೇ.

ಆ ಕಾಲೇಜಿನ ಕಾರ್ಡು 125 ಕಿಲೋಹರ್ಟ್ಸ್‌ನ ಇಎಂ4100 ಜಾತಿಯದು. ಅದರಲ್ಲಿ ಗುಟ್ಟು ಎಂಬುದೇ ಇಲ್ಲ. ಇರುವುದು 40 ಬಿಟ್ಟಿನ ಒಂದು ಸಂಖ್ಯೆ. ರೀಡರು ಹತ್ತಿರ ಬಂದೊಡನೆ, ಕೇಳುತ್ತಿರುವವರು ಯಾರು ಎತ್ತ ಎಂದು ವಿಚಾರಿಸದೆ, ಅದನ್ನು ಸಂತೆಯಲ್ಲಿ ಕೂಗಿದ ಹಾಗೆ ಕೂಗಿಬಿಡುತ್ತದೆ. ಗುಂಡಿ ಒತ್ತಿದರೆ ಅದನ್ನು ನಕಲು ಮಾಡುವ ಕೈಯಂತ್ರ ಆನ್‌ಲೈನ್ ಅಂಗಡಿಯಲ್ಲೇ ಸಿಗುತ್ತದೆ. ಕಳ್ಳನಿಗೆ ಅಷ್ಟು ಸಾಕು. ಸೋರ್ಸ್ ಕೋಡು ಓದುವಷ್ಟು ತಾಳ್ಮೆ ಅವನಿಗಿದ್ದಿದ್ದರೆ ಲ್ಯಾಪ್‌ಟಾಪು ಕದಿಯಲು ಯಾಕೆ ಬರುತ್ತಿದ್ದ? ನನ್ನ ಕವಲನ್ನು ಅಳಿಸಿದರೆ ನಷ್ಟ ಆಗುವುದು ನನ್ನ ಅಕ್ಕನ ಮಗನಂಥವರಿಗೆ. ಮಷೀನು ತನ್ನ ಮೇಲೆ ಹೇಳಿದ ಸಾಕ್ಷಿ ಸುಳ್ಳು ಎಂದು ತೋರಿಸಲು ಅವನಿಗಿದ್ದ ದಾರಿ ಅದೊಂದೇ.

ಈ ಜಗಳ ಹಳೆಯದು. ಮೈಫೇರ್ ಕ್ಲಾಸಿಕ್ ಎಂಬ ಚಿಪ್ಪು 1994ರಿಂದ ಜಗತ್ತಿನ ಬಸ್ಸು, ರೈಲು, ಕಚೇರಿಗಳಲ್ಲಿ ಓಡಾಡಿತು. ಅದರ ಗೂಢಲಿಪಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಂಪನಿ ಮುಚ್ಚಿಟ್ಟಿತ್ತು. ಕೀಲಿ ಬರೀ 48 ಬಿಟ್ಟಿನದು. 2007ರ ಡಿಸೆಂಬರಿನಲ್ಲಿ ಕಾರ್ಸ್ಟನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್ ಬರ್ಲಿನ್ನಿನ ಸಭೆಯೊಂದರಲ್ಲಿ, ಚಿಪ್ಪನ್ನು ಪದರ ಪದರವಾಗಿ ಬಿಡಿಸಿ ಒಳಗೆ ಕಂಡದ್ದನ್ನು ತೋರಿಸಿದರು. ಮರುವರ್ಷ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪೂರ್ತಿ ಮುರಿದು ಪ್ರಬಂಧ ಬರೆದಾಗ, ತಯಾರಕರಾದ ಎನ್‌ಎಕ್ಸ್‌ಪಿ ಕಂಪನಿ ಪ್ರಕಟಣೆ ತಡೆಯಲು ನ್ಯಾಯಾಲಯಕ್ಕೆ ಹೋಯಿತು. 2008ರ ಜುಲೈಯಲ್ಲಿ ಆರ್ನ್‌ಹೆಮ್‌ನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹಾನಿ ಆಗುವುದಿದ್ದರೆ ಅದು ದೋಷವಿರುವ ಚಿಪ್ಪು ಮಾಡಿ ಮಾರಿದ್ದರಿಂದ, ಅದನ್ನು ಬರೆದು ಹೇಳಿದ್ದರಿಂದಲ್ಲ ಎಂಬುದು ಆ ತೀರ್ಪಿನ ತಿರುಳು. ನಮ್ಮ ಕಾಲೇಜಿನ ಹಿರಿಯರಿಗೆ ಇದನ್ನು ಓದಿ ಹೇಳುವವರು ಯಾರೂ ಇರಲಿಲ್ಲ, ನಾನೂ ಹೇಳಲಿಲ್ಲ.

ಅದಾಗಿ 16 ವರ್ಷದ ಮೇಲೆ, 2024ರ ಆಗಸ್ಟಿನಲ್ಲಿ, ಕ್ವಾರ್ಕ್ಸ್‌ಲ್ಯಾಬಿನ ಫಿಲಿಪ್ ಟೊಯೆನ್ ಇನ್ನೊಂದು ಸಂಗತಿ ಬಯಲಿಗೆಳೆದರು. ಹಳೆಯ ದಾಳಿಗಳಿಗೆ ಬಗ್ಗದಂತೆ ಗಟ್ಟಿಮಾಡಿದ್ದೆಂದು ಶಾಂಘೈಯ ಫುಡಾನ್ ಕಂಪನಿ ತಂದ ಅದೇ ಜಾತಿಯ ಚಿಪ್ಪಿನಲ್ಲಿ ಒಂದು ಹಿಂಬಾಗಿಲಿತ್ತು, ಮತ್ತು ಎಲ್ಲ ಕಾರ್ಡುಗಳಿಗೂ ಕೀಲಿ ಒಂದೇ. ಭಾರತದ ಹೋಟೆಲುಗಳಲ್ಲೂ ಆ ಕಾರ್ಡು ಸಿಕ್ಕಿದೆ. ಟೊಯೆನ್ ಪ್ರಾಕ್ಸ್‌ಮಾರ್ಕಿನ ಕೋಡು ಬರೆಯುವವರಲ್ಲೊಬ್ಬರು. ಪರೀಕ್ಷೆಗೆ ಬೇಕಾದ ಸಲಕರಣೆಯೂ ಅದರಲ್ಲೇ ಸೇರಿತು. ಇಂಥ ಕವಲುಗಳನ್ನೆಲ್ಲ ಅಳಿಸಿದ್ದರೆ ಹಿಂಬಾಗಿಲು ಅಲ್ಲೇ ಇರುತ್ತಿತ್ತು. ಕೋಣೆಯಲ್ಲಿ ಮಲಗಿದವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಆರ್ನ್‌ಹೆಮ್ ಇಲ್ಲ. 2015ರಲ್ಲಿ ಬೆಂಗಳೂರಿನ ತೇಜೇಶ್ ಜಿ.ಎನ್. ತಮ್ಮದೇ ಜಾಲತಾಣವನ್ನು ಏರ್‌ಟೆಲ್ 3ಜಿಯಲ್ಲಿ ತೆರೆದಾಗ ತಾವು ಬರೆಯದ ಕೋಡು ಅದರೊಳಗೆ ತೂರಿಕೊಂಡಿದ್ದನ್ನು ಕಂಡರು. ಸಾಕ್ಷಿಯನ್ನು ಗಿಟ್‌ಹಬ್‌ನಲ್ಲಿಟ್ಟರು. ಬಂದದ್ದು ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ವಕೀಲರ ನೋಟಿಸು. ಗಿಟ್‌ಹಬ್‌ನಿಂದ ಆ ಸಾಕ್ಷಿ ಮಾಯವಾಯಿತು. ಅದು ಆರ್‌ಎಫ್‌ಐಡಿ ಅಲ್ಲ ನಿಜ, ಆದರೆ ದನಿ ಅದೇ: ತೂರಿಸಿದವನನ್ನು ಬಿಟ್ಟು ತೋರಿಸಿದವನನ್ನು ಕೇಳುವ ದನಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಮಾಲೀಕರ ಅಥವಾ ಉಸ್ತುವಾರಿಯ ಅನುಮತಿಯಿಲ್ಲದೆ ವ್ಯವಸ್ಥೆಯನ್ನು ಮುಟ್ಟುವುದನ್ನು ತಪ್ಪೆನ್ನುತ್ತದೆ. ವಂಚನೆಯ ಉದ್ದೇಶವಿತ್ತೆಂದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು. ನನ್ನ ಉದ್ದೇಶ ವಂಚನೆಯಲ್ಲ ಎಂದು ಯಾರ ಮುಂದೆ ಸಾಬೀತು ಮಾಡಲಿ, ಎಷ್ಟು ವರ್ಷ? ಕೊಟ್ಟೂರಿನಲ್ಲೋ ಕೂಡ್ಲಿಗಿಯಲ್ಲೋ ಎಂಜಿನಿಯರಿಂಗ್ ಓದುವ ಹುಡುಗಿಗೆ ಈ ಕೆಲಸ ಕಲಿಸುವಾಗ ಮೊದಲ ಪಾಠ ವಕೀಲರದ್ದೇ ಆಗಿಬಿಟ್ಟಿದೆ.

ನಮ್ಮ ಕಡೆಯೂ ಎಲ್ಲ ಹಾಲಿನಂತಿಲ್ಲ. “ಅಣ್ಣಾ, ಕ್ಯಾಂಟೀನ್ ಕಾರ್ಡಿಗೆ ದುಡ್ಡು ತುಂಬೋದು ಹೇಳಿಕೊಡು” ಎಂದು ಬರುವವರು ಬರುತ್ತಾರೆ. ವಾಪಸ್ ಕಳಿಸುತ್ತೇನೆ. ಕೆಲವರು ಬೇರೆಲ್ಲೋ ಕಲಿತುಕೊಂಡೇ ಇರುತ್ತಾರೆ, ಅದೂ ಗೊತ್ತು. ಉಪಕರಣಕ್ಕೆ ನೀತಿ ಇರುವುದಿಲ್ಲ. ಅದನ್ನು ಬಚ್ಚಿಟ್ಟು ಅಗ್ಗದ ಕಾರ್ಡು ಮಾರುವವನಿಗೂ ಇರುವುದಿಲ್ಲ.

ನಮ್ಮೂರ ಗುಡಿಯ ಬಗ್ಗೆ ಈ ಸೀಮೆಯಲ್ಲಿ ಒಂದು ಮಾತಿದೆ, ಉಜ್ಜಿನಿಯನ್ನು ಒಳಗೆ ನೋಡು ಅಂತ. ಹೊರಗಿನಿಂದ ಕೈ ಮುಗಿದು ಹೋದವರಿಗೆ ಒಳಗಿನ ಛತ್ತಿನ ಕೆತ್ತನೆ ಕಾಣುವುದಿಲ್ಲ. ಸಣ್ಣವನಿದ್ದಾಗ ಕತ್ತು ನೋಯುವವರೆಗೆ ಮೇಲೆ ನೋಡುತ್ತ ನಿಂತಿದ್ದೇನೆ, ಯಾವ ಪೂಜಾರಿಯೂ ಗದರಿಸಲಿಲ್ಲ. ಆ ಹಿರಿಯರಿಗೆ ನನ್ನ ಮಾತು ಇಷ್ಟೇ: ನಿಮ್ಮ ಬಾಗಿಲಿಗೆ ಯಾವ ಕಾರ್ಡು ಹಾಕಬೇಕೆಂದು ಕೇಳಿದರೆ ದುಡ್ಡಿಲ್ಲದೆ ಬಂದು ಹೇಳುತ್ತೇನೆ, ಬಸ್ ಚಾರ್ಜೂ ಬೇಡ. ಅಲ್ಲಿಯವರೆಗೆ ನಿಮ್ಮ ದಾಖಲೆಯ ಪುಸ್ತಕ ತೋರಿಸಿ ಇನ್ನೊಬ್ಬ ಹುಡುಗನನ್ನು ಕಳ್ಳ ಅನ್ನಬೇಡಿ. ಅಂದರೆ, ಬೋರ್ಡು ಹಿಡಿದು ಮತ್ತೆ ಬರುತ್ತೇನೆ.