ಮಕ್ಕಳ ಜಾಲಪುಟಗಳು ಯಾರ ಸ್ವತ್ತು?



ಕೆಲವು ಶಾಲೆಗಳಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಂದ ಒಂದೊಂದು ಪುಟ್ಟ ಜಾಲತಾಣವನ್ನು ಮಾಡಿಸುವ ಪರಿಪಾಠವಿದೆ. ವರ್ಷವಿಡೀ ಬರೆದ ಪ್ರಬಂಧಗಳು, ಬಿಡಿಸಿದ ಚಿತ್ರಗಳು, ಪ್ರಯೋಗಗಳ ವರದಿಗಳು ಎಲ್ಲವನ್ನೂ ಒಂದೆಡೆ ಪೋಣಿಸಿ ಶಾಲೆಯ ಸರ್ವರ್‌ಗೆ ಏರಿಸುತ್ತಾರೆ. ಇದಕ್ಕೆ ಪೋರ್ಟ್‌ಫೋಲಿಯೊ ಎಂದು ಹೆಸರು. ನಮ್ಮ ಕಾಲದ ಗೋಡೆಪತ್ರಿಕೆಯ ಹೊಸ ಅವತಾರವೆಂದೇ ಭಾವಿಸಿ ನಾನು ಸಂತೋಷಪಡುತ್ತೇನೆ. ಆದರೆ ಗೋಡೆಪತ್ರಿಕೆಯನ್ನು ಇಳಿಸಿದ ದಿನ ಮಕ್ಕಳು ತಮ್ಮ ತಮ್ಮ ಹಾಳೆಗಳನ್ನು ಬಿಡಿಸಿಕೊಂಡು ಮನೆಗೆ ಒಯ್ಯುತ್ತಿದ್ದರು. ಸರ್ವರ್‌ಗೆ ಏರಿಸಿದ್ದು ಹಾಗೆ ಮನೆಗೆ ಮರಳುವುದಿಲ್ಲ. ನನ್ನ ಆಕ್ಷೇಪವಿರುವುದು ಇಲ್ಲಿಯೇ.

ನಮ್ಮ ಬಂಧುಗಳೊಬ್ಬರ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ತನ್ನ ಅಜ್ಜಿ ಹಾಡುತ್ತಿದ್ದ ಜೋಗುಳಗಳನ್ನು ಧ್ವನಿಮುದ್ರಿಸಿ, ಸಾಹಿತ್ಯವನ್ನು ಬೆರಳಚ್ಚಿಸಿ, ಅಂಥದೊಂದು ತಾಣವನ್ನು ರಚಿಸಿದ್ದಳು. ಒಳ್ಳೆಯ ಅಂಕಗಳೂ ಬಂದವು. ಎರಡು ವರ್ಷಗಳ ತರುವಾಯ ಅಜ್ಜಿ ತೀರಿಕೊಂಡರು. ಆ ಧ್ವನಿಯನ್ನು ಮತ್ತೊಮ್ಮೆ ಕೇಳೋಣವೆಂದು ಹುಡುಕಿದರೆ ಪುಟವೇ ಇರಲಿಲ್ಲ. ಶಾಲೆಯವರು ಸರ್ವರ್ ಬದಲಾಯಿಸಿದಾಗ ಹಳೆಯ ವಿದ್ಯಾರ್ಥಿಗಳ ಕಡತಗಳನ್ನು ಅಳಿಸಿದ್ದರು. ಪ್ರಯೋಗಾಲಯದ ಗಣಕಯಂತ್ರಗಳನ್ನು ಬೇಸಿಗೆ ರಜೆಯಲ್ಲೇ ಬರಿದುಮಾಡಿದ್ದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಅಳಿಸುವ ಮೊದಲು ಒಂದು ಮಾತು ತಿಳಿಸಬೇಕೆಂಬ ನಿಯಮ ಮಾತ್ರ ಅಲ್ಲಿರಲಿಲ್ಲ.

ದೊಡ್ಡ ಸಂಸ್ಥೆಗಳ ನೆರಳೂ ಶಾಶ್ವತವಲ್ಲ. ಲಕ್ಷಾಂತರ ಜನರು ಮನೆಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಎಂಬ ತಾಣವನ್ನು ಯಾಹೂ ಸಂಸ್ಥೆಯು 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆಗ ಕೆಲವು ತಿಂಗಳ ಮುನ್ಸೂಚನೆಯಾದರೂ ಇತ್ತು. ಸ್ವಯಂಸೇವಕರು ಧಾವಿಸಿ ಅನೇಕ ಪುಟಗಳನ್ನು ಪ್ರತಿಮಾಡಿ ಉಳಿಸಿಕೊಂಡರು. ನಮ್ಮೂರಿನ ಒಂದು ಶಾಲೆಯ ಮಕ್ಕಳ ಪುಟಗಳಿಗಾಗಿ ಯಾವ ಸ್ವಯಂಸೇವಕರು ಬಂದಾರು?

ಕಡತಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಎಫ್‌ಟಿಪಿ ಎಂಬ ಕ್ರಮದ ಮೊದಲ ನಿರೂಪಣೆಯನ್ನು 1971ರಲ್ಲಿ ಬರೆದವರು ಕಾನ್ಪುರದ ಐಐಟಿಯಲ್ಲಿ ಓದಿದ ಅಭಯ್ ಭೂಷಣ್. ಕಳುಹಿಸಿ ಇರಿಸುವುದಕ್ಕೂ ಮರಳಿ ತರಿಸಿಕೊಳ್ಳುವುದಕ್ಕೂ ಅದರಲ್ಲಿ ಅಂದೇ ಬೇರೆ ಬೇರೆ ಆಜ್ಞೆಗಳಿದ್ದವು. ಹೋಗಿಬರುವ ದಾರಿಯನ್ನೇ ಅವರು ಹಾಕಿಕೊಟ್ಟಿದ್ದರು. ನಮ್ಮ ಶಾಲೆಗಳು ಹೋಗುವುದನ್ನಷ್ಟೇ ಕಲಿಸುತ್ತಿವೆ.

ಹಳೆಯ ಪುಟಗಳನ್ನು ತೆಗೆಯಲೇಬಾರದೆಂದು ನಾನು ವಾದಿಸುವುದಿಲ್ಲ. ಸರ್ವರ್‌ನ ಜಾಗಕ್ಕೆ ಹಣ ತೆರಬೇಕು. ಮಕ್ಕಳ ಹೆಸರು, ಭಾವಚಿತ್ರಗಳು ಲೋಕದ ಕಣ್ಣಿಗೆ ಸದಾ ಬೀಳುತ್ತಿರುವುದೂ ಕ್ಷೇಮವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಸಮ್ಮತಿಯನ್ನು ವಿಧಿಸಿದೆ. ಆದುದರಿಂದ ಪುಟಗಳನ್ನು ಇಳಿಸುವುದು ನ್ಯಾಯವೇ. ಕೃತಿಯನ್ನು ಕರ್ತೃವಿಗೆ ಒಪ್ಪಿಸದೆ ಅಳಿಸುವುದು ಅನ್ಯಾಯ. ಚಿತ್ರಕಲಾ ಪ್ರದರ್ಶನ ಮುಗಿದ ಮೇಲೆ ಮಕ್ಕಳ ಚಿತ್ರಗಳನ್ನು ಒಲೆಗೆ ಹಾಕುವ ಶಿಕ್ಷಕರನ್ನು ನಾನಂತೂ ಕಂಡಿಲ್ಲ.

ಪರಿಹಾರವೇನೂ ಕಷ್ಟದ್ದಲ್ಲ, ಅದು ಪಾಠದೊಳಗೇ ಇದೆ. ಪುಟಗಳು, ಚಿತ್ರಗಳು, ಧ್ವನಿಗಳು ಎಲ್ಲವೂ ಒಂದೇ ಫೋಲ್ಡರಿನಲ್ಲಿರಲಿ. ಚಿತ್ರದ ವಿಳಾಸವನ್ನು 'ಸಿ ಡ್ರೈವ್'ನಿಂದ ಆರಂಭಿಸಿ ಬರೆದರೆ ಅದು ಆ ಒಂದು ಯಂತ್ರದಲ್ಲಿ ಮಾತ್ರ ತೆರೆಯುತ್ತದೆ. ಫೋಲ್ಡರಿನ ಒಳಗಿನ ದಾರಿಯನ್ನಷ್ಟೇ ಬರೆದರೆ ಎಲ್ಲಿಗೆ ಒಯ್ದರೂ ತೆರೆಯುತ್ತದೆ. ಕಡತದ ಹೆಸರುಗಳು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿರಲಿ. ವಿಂಡೋಸ್ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೆಣಿಸುವುದಿಲ್ಲ, ಲಿನಕ್ಸ್ ಸರ್ವರ್ ಎಣಿಸುತ್ತದೆ. ಕನ್ನಡ ಯೂನಿಕೋಡ್‌ನಲ್ಲಿರಲಿ. ಹೀಗೆ ಶಿಸ್ತಿನಿಂದ ಕಟ್ಟಿದ ತಾಣ ಶಾಲೆಯ ಸರ್ವರ್‌ನಲ್ಲಿ ಸರಿಯಾಗಿ ಕಾಣಿಸುತ್ತದೆ. ಸರ್ವರೇ ಇಲ್ಲವಾದರೂ ಒಂದು ಪೆನ್‌ಡ್ರೈವ್‌ನಿಂದ ಮನೆಯ ಗಣಕಯಂತ್ರದಲ್ಲಿ ತೆರೆದುಕೊಳ್ಳುತ್ತದೆ. ಶಾಲೆಯವರು ವರ್ಗಾವಣೆ ಪತ್ರದ ಜೊತೆಗೇ ಈ ಫೋಲ್ಡರಿನ ಪ್ರತಿಯನ್ನೂ ಕೊಟ್ಟರೆ ಎಷ್ಟು ಚೆನ್ನ!

ನಿಮ್ಮಲ್ಲಿ ಈಗ ಹಲವರು ಶಿಕ್ಷಕರಾಗಿದ್ದೀರಿ, ಹಲವರು ಗಣಕ ತಂತ್ರಜ್ಞರು, ಬಹುತೇಕರು ತಂದೆತಾಯಿಯರು. ಈ ಭಾನುವಾರವೇ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು, ಅವರು ಏರಿಸಿದ್ದನ್ನೆಲ್ಲ ಒಮ್ಮೆ ಇಳಿಸಿ, ಎರಡು ಕಡೆ ಪ್ರತಿಮಾಡಿ ಇಡಿ. ಬಳಿಕ ಶಾಲೆಗೆ ಹೋಗಿ, ಪುಟಗಳನ್ನು ಎಂದು ಅಳಿಸುವಿರಿ, ಯಾರಿಗೆ ತಿಳಿಸುವಿರಿ ಎಂದು ವಿನಯದಿಂದ ಕೇಳಿ. ಪ್ರಶ್ನೆ ಕೇಳಿದವರನ್ನು ನಾನೆಂದೂ ಬೈದವನಲ್ಲ, ಅವರೂ ಬೈಯಲಾರರು.

ನಿಮ್ಮ ಮೇಷ್ಟ್ರು